ಹೊಂಬಾಳನೂ ಅವ್ವನ ಮಾತ್ರೆಯೂ

ಕೂತ್ಕಳಿ, ಕೂತ್ಕಳಿ. ಪೆದ್ದನ ಕತೆ ಬೇಕು ಅಂತ ಬಂದಿದ್ದೀರಿ, ಹೇಳ್ತೀನಿ. ನಗೋ ಕಡೆ ಧಾರಾಳವಾಗಿ ನಗಿ. ಆದ್ರೆ ಕತೆ ಮುಗಿಯೋ ಹೊತ್ಗೆ ಯಾರಾದ್ರೂ ಹಲ್ಲು ಕಿಸಿದ್ರೋ, ಎದ್ದು ಹೋಗ್ಬಿಡ್ತೀನಿ. ಈಗ್ಲೇ ಹೇಳಿದ್ದೀನಿ.

ಒಂದೂರಲ್ಲಿ ಒಂದು ಆಲೆಮನೆ. ಕಬ್ಬು ಅರೆಯೋದು, ಹಾಲು ಕಾಯ್ಸೋದು, ಬೆಲ್ಲ ಅಚ್ಚಿಗೆ ಹುಯ್ಯೋದು. ಅಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬೋನು ಹೊಂಬಾಳ. ಆಳು ನೋಡಿದ್ರೆ ಆನೆ ಥರ. ತಲೆ ಮಾತ್ರ ಖಾಲಿ ಕೊಪ್ಪರಿಗೆ. ಏನು ಹೇಳಿದ್ರೆ ಅದೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಅವನವ್ವ ಚಿಕ್ಕತಾಯಮ್ಮ. ಗಂಡ ಸತ್ತು ಎಷ್ಟೋ ಕಾಲ ಆಗಿತ್ತು. ಅವಳಿಗಿದ್ದಿದ್ದು ಒಂದೇ ಚಿಂತೆ.

"ನಾನು ಸತ್ರೆ ಈ ಮಂಕಂಗೆ ಯಾರವ್ವಾ ದಿಕ್ಕು? ಉಣ್ಣು ಅಂದ್ರೆ ಉಣ್ತಾನೆ, ಸಾಕು ಅನ್ನೋರಿಲ್ದಿದ್ರೆ ಉಣ್ತಾನೇ ಇರ್ತಾನಲ್ಲವ್ವಾ!"

ಇಂಥೋಳಿಗೆ ಸಕ್ಕರೆ ಕಾಯಿಲೆ ಬಂತು. ಸರ್ಕಾರಿ ಆಸ್ಪತ್ರೆ ಡಾಕ್ಟ್ರು ಮಾತ್ರೆ ಬರ್ಕೊಟ್ರು. ನರ್ಸಮ್ಮ ಹೊಂಬಾಳನ್ನ ಕರೆದು ಹೇಳಿದ್ಲು:

"ನಿಮ್ಮವ್ವಂಗೆ ಕಣ್ಣು ಮಂಜು. ನೀನೇ ನೋಡ್ಕೋಬೇಕು. ಊಟಕ್ಕೆ ಮುಂಚೆ ಮಾತ್ರೆ ಕೊಡು, ತಿಳೀತಾ?"

"ತಿಳೀತು! ಊಟಕ್ಕೆ ಮುಂಚೆ!"

ಮಾರನೇ ದಿನ ಕೋಳಿ ಕೂಗೋಕೂ ಮುಂಚೆ ಎದ್ದ. ಅವ್ವನ್ನ ಅಲ್ಲಾಡಿಸಿ ಎಬ್ಬಿಸಿದ. "ಏಳವ್ವಾ, ಮಾತ್ರೆ!" ಅವಳು ನಿದ್ದೆಗಣ್ಣಲ್ಲೇ ನುಂಗಿದ್ಲು. ಎದ್ಲು, ಕೊಟ್ಟಿಗೆ ಬಾಚಿದ್ಲು, ಹುಲ್ಲು ಕುಯ್ಯಕ್ಕೆ ಹೋದ್ಲು. ಬದುವಿನ ಮೇಲೆ ಕೈಕಾಲು ನಡುಗಿ ಕುಕ್ಕರಿಸ್ಬಿಟ್ಲು. ಮೈಯೆಲ್ಲ ಬೆವರು! ಬರೀ ಹೊಟ್ಟೇಲಿ ಆ ಮಾತ್ರೆ ನುಂಗಿದ್ರೆ ಮೈಯೊಳಗಿನ ಸಕ್ಕರೆ ಪೂರಾ ಇಳಿದುಬಿಡ್ತದೆ ನೋಡಿ. ಪಕ್ಕದ್ಮನೆ ದೇವೀರಮ್ಮ ಓಡಿ ಬಂದು ಒಂದು ಚೊಂಬು ಕಬ್ಬಿನ ಹಾಲು ಕುಡಿಸಿದ್ಲು, ಆಮೇಲೆ ಕಣ್ಣು ಬಿಟ್ಲು. ಹೊಂಬಾಳ ಆಗ ಆಲೆಮನೇಲಿ ಒಲೆ ಮುಂದೆ ಇದ್ದ. ಆ ಕಬ್ಬಿನ ಹಾಲಿನ ಸಂಗತಿ ಅವನು ನೋಡ್ಲೇ ಇಲ್ಲ.

ಮನೆಗೆ ಬಂದೋನಿಗೆ ಅವ್ವ ಬೈದಳು ನೋಡಿ!

"ಲೇ ಮಂಕೇ, ಉಣ್ಣೋದು ಯಾವಾಗ, ನೀನು ಮಾತ್ರೆ ಕೊಟ್ಟಿದ್ದು ಯಾವಾಗ?"

"ಊಟಕ್ಕೆ ಮುಂಚೇನೇ ಕೊಟ್ನಲ್ಲವ್ವಾ!"

"ಅಯ್ಯೋ ನನ್ನ ಹಣೆಬರವೇ! ತಟ್ಟೆ ಮುಂದೆ ಬಂದ್ಮೇಲೆ ಕೊಡ್ಬೇಕು ಕಣೋ. ತಟ್ಟೆ ಮುಂದೆ ಬಂದ್ಮೇಲೆ!"

"ಹೂಂ ಕಣವ್ವಾ. ತಟ್ಟೆ ಮುಂದೆ ಬಂದ್ಮೇಲೆ."

ಹಿರಿಯರ ಹಬ್ಬ ಬಂತು. ಗೊತ್ತಲ್ಲ, ಸತ್ತೋರಿಗೆ ಎಡೆ ಇಟ್ಟು, ಬಾಗಿಲು ಹಾಕ್ಕೊಂಡು ಈಚೆ ನಿಲ್ತೀವಿ, ಅವರು ಬಂದು ಉಂಡು ಹೋಗ್ಲಿ ಅಂತ. ಚಿಕ್ಕತಾಯಮ್ಮ ಗಂಡನ ಫೋಟೋ ಮುಂದೆ ಎಡೆ ಇಟ್ಟಳು. ಮುದ್ದೆ, ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಬಾಗಿಲು ಹಾಕಿದ್ಲು, ಒಂದು ಗಳಿಗೆ ಬಿಟ್ಟು ತೆಗೆದಳು. ನೋಡ್ತಾಳೆ, ಮುದ್ದೆ ಮೇಲೆ ಮಾತ್ರೆ!

"ಇದ್ಯಾಕ್ಲಾ ಇಲ್ಲಿ?"

"ತಟ್ಟೆ ಅಪ್ಪನ ಮುಂದೆ ಬಂತಲ್ಲವ್ವಾ!"

"ಸತ್ತೋನಿಗೆ ಯಾಕೋ ಮಾತ್ರೆ! ಅದು ನಂದು ಕಣೋ, ಬೇರೆ ಯಾರಿಗೂ ಕೊಡಬಾರ್ದು! ನನ್ನ ಮುಂದೆ ತಟ್ಟೆ ಇಟ್ಟು ನಂಗೇ ಕೊಡು. ಒಂದು ದಿನಾನೂ ತಪ್ಪಿಸ್ಬೇಡ!"

"ಹೂಂ ಕಣವ್ವಾ. ಒಂದು ದಿನಾನೂ ತಪ್ಪಿಸಲ್ಲ."

ಆಲೆಮನೇಲಿ ಬೆಲ್ಲ ಇಳಿಸೋ ದಿನ ಕೆಲಸ ಜಾಸ್ತಿ, ಮಾತ್ರೆ ಮರೆತ. ಮಾರನೇ ದಿನ ತಟ್ಟೆ ತಂದ, ಮಾತ್ರೆ ಎರಡು ತಂದ. "ನಿನ್ನೇದು ತಪ್ಪಬಾರ್ದಲ್ಲವ್ವಾ, ತಗೋ!" ಅವತ್ತು ಸಕ್ಕರೆ ನೋಡಕ್ಕೆ ಅಂತ ನರ್ಸಮ್ಮ ಅವರ ಮನೆಗೆ ಬಂದಿದ್ಲು, ಪುಣ್ಯ. ಕೈಯಿಂದ ಒಂದು ಕಿತ್ಕೊಂಡಳು.

"ಬಿಟ್ಟುಹೋಗಿದ್ದು ಬಿಟ್ಟುಹೋಯ್ತು ಕಣೋ! ನಿನ್ನೇದೂ ಇವತ್ತಿಂದೂ ಸೇರಿಸಿ ಕೊಟ್ರೆ ನಿಮ್ಮವ್ವ ಉಳೀತಾಳೇನೋ? ಇನ್ನೊಂದು ಮಾತು. ಸಕ್ಕರೆ ಏರಿದೆ, ಆಲೆಮನೆಗೆ ಬಂದು ಬೆಲ್ಲ ನೆಕ್ತಾಳಂತೆ ನಿಮ್ಮವ್ವ. ಸಿಹಿ ಮುಟ್ಟೋಕೆ ಬಿಡಬೇಡ. ಕೇಳಿದ್ರೂ ಕೊಡಬೇಡ. ಅತ್ರೂ ಕೊಡಬೇಡ!"

"ಕೇಳಿದ್ರೂ ಕೊಡಲ್ಲ. ಅತ್ರೂ ಕೊಡಲ್ಲ!"

ಕಲ್ಲಲ್ಲಿ ಕೊರೆದಂಗೆ ಕೂತ್ಕೊಂಡ್ಬಿಡ್ತು ಅವನ ತಲೇಲಿ. ಗುಡಿಗೆ ಹೋದ್ರೆ, ಪೂಜಾರಿ ಅವ್ವನ ಕೈಗೆ ಹಾಕಿದ ರಸಾಯನ ಕಿತ್ಕೊಂಡು ತಾನೇ ತಿಂದ. ತಿಂದು ಅವ್ವನ ಅಂಗೈ ತೊಳೆದೂ ತೊಳೆದ! ಊರೋರೆಲ್ಲ ಬಿದ್ದು ಬಿದ್ದು ನಕ್ರು. ಚಿಕ್ಕತಾಯಮ್ಮ ಬೈಯಕ್ಕೆ ಬಾಯಿ ತೆಗೆದೋಳು ಹಂಗೇ ಸುಮ್ನಾದ್ಲು. "ಬುಡಿ, ಯೋಳಿದ್ ಮಾತ್ನ ನೆಪ್ಪಲ್ಲಿ ಇಟ್ಕೊಂಡೌನೆ ನನ್ನ ಮಗ" ಅಂದ್ಲು. ಅವತ್ತು ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ.

ಈಗ ಕೇಳಿ. ನಗು ಸಾಕು.

ಚಿಕ್ಕತಾಯಮ್ಮ ಒಂದು ಹರಕೆ ಹೊತ್ಲು. "ತಿಮ್ಮಪ್ಪಾ, ನನ್ನ ಮಗಂಗೆ ಒಂಚೂರು ಬುದ್ಧಿ ಕೊಡು. ಶನಿವಾರ ಶನಿವಾರ ದೀಪ ಹಚ್ಚೋಗಂಟ ಏನೂ ತಿನ್ನಲ್ಲ." ಉಪವಾಸ ಇರ್ತೀನಿ, ಮಾತ್ರೆ ಏನು ಮಾಡ್ಲಿ ಅಂತ ನರ್ಸಮ್ಮನ್ನ ಒಂದು ಮಾತು ಕೇಳಬಾರ್ದಿತ್ತಾ? ಕೇಳ್ಲಿಲ್ಲ ಪುಣ್ಯಾತ್ಗಿತ್ತಿ. ದೇವರ ವಿಷಯ ಆಸ್ಪತ್ರೆಯೋರಿಗ್ಯಾಕೆ ಅಂದ್ಕೊಂಡ್ಲು.

ಮೊದಲನೇ ಶನಿವಾರ. ಹೊಂಬಾಳ ತಟ್ಟೆ ತಂದು ಅವ್ವನ ಮುಂದಿಟ್ಟ. ಬೆಳಗಿದ ತಟ್ಟೆ, ಫಳಫಳ ಅಂತಿದೆ, ಅದರಲ್ಲಿ ಏನೂ ಇಲ್ಲ. ಪಕ್ಕದಲ್ಲಿ ನೀರು. ಅಂಗೈಯಲ್ಲಿ ಒಂದೇ ಒಂದು ಮಾತ್ರೆ.

"ತಟ್ಟೆ ಮುಂದೆ ಬಂತು. ನಿನ್ನ ಮುಂದೇನೇ ಬಂತು. ಒಂದೇ ಮಾತ್ರೆ. ಸರಿಯಾ ಅವ್ವಾ?"

ಅವಳ ಕಣ್ಣಲ್ಲಿ ನೀರು ಬಂತು. "ಸರಿ ಕಣೋ ನನ್ನಪ್ಪಾ! ತಿಮ್ಮಪ್ಪ ಇಷ್ಟು ಬೇಗ ಕಣ್ಣು ಬಿಟ್ನಲ್ಲೋ!" ಅಂತ ಹಿಗ್ಗಿ ಹೀರೇಕಾಯಾಗಿ ಮಾತ್ರೆ ನುಂಗಿದ್ಲು. ಖಾಲಿ ತಟ್ಟೆ ಎತ್ತಿಟ್ಟಳು.

ಹೊತ್ತು ನೆತ್ತಿಗೆ ಬಂತು. ಕೈ ನಡುಗ್ತು. ಹಣೆ ಬೆವರ್ತು. ಗೋಡೆಗೆ ಒರಗಿ ಕೂತ್ಲು.

"ಮಗಾ, ಒಂಚೂರು ಬೆಲ್ಲ ಕೊಡ್ಲಾ."

"ಇಲ್ಲ ಕಣವ್ವಾ."

"ಹರಕೆ ಹಾಳಾಗೋಗ್ಲಿ, ಕೊಡೋ. ಜೀವ ಹೋಗ್ತದೆ ಕಣೋ."

"ಕೇಳಿದ್ರೂ ಕೊಡಬೇಡ ಅಂದವ್ರೆ!"

ಗೋಡೆ ನಾಗಂದಿಗೆ ಹಲಗೆ ಮೇಲೆ ಆಲೆಮನೆ ಬೆಲ್ಲದಚ್ಚು ಸಾಲಾಗಿ ಕೂತಿದ್ದೊ. ಹೊಂಬಾಳ ಅಷ್ಟನ್ನೂ ಇಳಿಸಿ ಮಡ್ಲಿಗೆ ಹಾಕ್ಕೊಂಡು ತಬ್ಬಿ ಕೂತ್ಕೊಂಡ, ಅವ್ವ ಎಲ್ಲಿ ಕಿತ್ಕೊಂಡಾಳೋ ಅಂತ. ಅವಳು ತೆವಳ್ಕೊಂಡು ಬಂದ್ಲು. ಅತ್ಲು.

"ಅತ್ರೂ ಕೊಡಬೇಡ ಅಂದವ್ರೆ ಕಣವ್ವಾ!" ಅಂದ. ಅನ್ನುವಾಗ ಅವನೂ ಅಳ್ತಿದ್ದ.

ಆಮೇಲೆ ಅವಳು ಕೇಳೋದು ನಿಲ್ಸಿದ್ಲು. ಮಲಗಿದ್ಲು. ಸದ್ಯ, ನಿದ್ದೆ ಹತ್ತಿತಲ್ಲ ಅಂತ ಹೊಂಬಾಳ ಮೊರದಲ್ಲಿ ಗಾಳಿ ಹಾಕ್ತಾ ಕೂತ. ದೇವೀರಮ್ಮ ದೀಪಕ್ಕೆ ಬತ್ತಿ ಕೇಳಕ್ಕೆ ಅಂತ ಬಂದೋಳು ಕಿಟಾರನೆ ಕಿರುಚಿದಾಗ್ಲೂ ಅವನು ಬಾಯಿ ಮೇಲೆ ಬೆರಳಿಟ್ಟು "ಶ್!" ಅಂದ. ನರ್ಸಮ್ಮ ಓಡಿ ಬಂದ್ಲು. ನಾಡಿ ಹಿಡಿದ್ಲು, ಕಣ್ಣು ಬಿಡಿಸಿದ್ಲು. ಚಿಕ್ಕತಾಯಮ್ಮನ ಸೆರಗನ್ನ ಅವಳ ಮುಖದ ಮೇಲೆ ಎಳೆದ್ಲು.

"ಬೆವರಿದ್ರೆ ಬೆಲ್ಲ ಕೊಡಬೇಕಿತ್ತು ಕಣೋ! ಎಚ್ಚರ ಇದ್ದಾಗ್ಲೇ ಒಂಚೂರು ಬಾಯಿಗೆ ಹಾಕಿ ನನ್ನ ಕೂಗಬೇಕಿತ್ತು ಕಣೋ! ಅಯ್ಯೋ, ಕೊಡಬೇಡ ಅಂದ ನಾನು ಯಾವಾಗ ಕೊಡಬೇಕು ಅಂತ ಹೇಳ್ಲೇ ಇಲ್ವಲ್ಲೋ!"

"ಬೆವರಿದ್ರೆ ಬೆಲ್ಲವಾ ನರ್ಸಮ್ಮಾ?"

"ಹೂಂ ಕಣೋ. ಬೆವರಿದ್ರೆ ಬೆಲ್ಲ."

ಹೊಂಬಾಳ ತಲೆ ಆಡಿಸಿದ. ಒಂದು ಅಚ್ಚು ಬೆಲ್ಲ ಜೇಬಿಗೆ ಹಾಕ್ಕೊಂಡ.

ಮಾರನೇ ದಿನ ಅಂಗಳದಲ್ಲಿ ಚಿಕ್ಕತಾಯಮ್ಮಂಗೆ ನೀರು ಹುಯ್ದ್ರು. ಹೊಸ ಬಟ್ಟೆ ಹೊದಿಸಿದ್ರು. ಬಾಯಿಗಕ್ಕಿ ಹಾಕೋ ಹೊತ್ತು ಬಂತು, ನೆಂಟರೆಲ್ಲ ಸಾಲಾಗಿ ನಿಂತ್ರು. ಮಗ ಮೊದಲು ಹಾಕಬೇಕು. ದೇವೀರಮ್ಮ ಅವನ ಕೈಗೆ ಅಕ್ಕಿ ಕೊಟ್ಟಳು. "ಹಾಕಪ್ಪಾ" ಅಂದ್ಲು.

ಹೊಂಬಾಳ ಬಗ್ಗಿದ. ಅವ್ವನ ಹಣೆ ನೋಡಿದ. ಹಣೆ ಮೇಲೆ ಹುಯ್ದ ನೀರು ಇನ್ನೂ ಹನಿಹನಿಯಾಗಿ ನಿಂತಿತ್ತು.

"ಬೆವರ್ತಾವ್ಳೆ! ಅವ್ವ ಬೆವರ್ತಾವ್ಳೆ!"

ಅಕ್ಕಿ ಚೆಲ್ಲಿದ. ಜೇಬಿಂದ ಅಚ್ಚು ತೆಗೆದ, ಹಲ್ಲಲ್ಲಿ ಕಚ್ಚಿ ಮುರಿದ, ಚೂರನ್ನ ಅವ್ವನ ಬಾಯಿಗಿಟ್ಟ.

"ತಗೋ ಅವ್ವಾ. ನೀನು ಕೇಳೋದೂ ಬ್ಯಾಡ, ಅಳೋದೂ ಬ್ಯಾಡ. ತಗೋ!"

ಹೊಂಬಾಳ ಒಬ್ಬೊಬ್ಬರ ಮುಖಾನೂ ನೋಡಿದ. ಈಗ ಬೈತಾರೆ, ಬೈದು ಹಿಂಗಲ್ಲ ಹಂಗೆ ಅಂತ ಹೇಳಿಕೊಡ್ತಾರೆ ಅಂತ ಕಾದ. ಯಾರೂ ಬೈಲಿಲ್ಲ. ಬೈಯೋಳು ಅಲ್ಲಿ ಮಲಗಿದ್ಲು.

"ಇದೂ ತಪ್ಪಾ?" ಅಂತ ಕೇಳಿದ. ಕೊಟ್ಟಿದ್ದು ಸಾಲ್ದೇನೋ ಅಂದ್ಕೊಂಡು ಇನ್ನೊಂದು ಚೂರು ಮುರಿದ.