ಕರಡಿಯಜ್ಜ ಮುಚ್ಚಿಟ್ಟ ತೀರ್ಪು

ಇದು ಸ್ವಲ್ಪ ಬೇಜಾರಿನ ಕತೆ, ಮೊದ್ಲೇ ಹೇಳ್ಬಿಡ್ತೀನಿ.

ಬಂಡೆಗಳ ಮಧ್ಯೆ ಒಂದು ಕುರುಚಲು ಕಾಡು. ಅಲ್ಲೊಂದು ಕೆರೆ. ಪ್ರಾಣಿಗಳಿಗೆ ಏನಾದ್ರೂ ಜಗಳ ಬಂದ್ರೆ ಕರಡಿಯಜ್ಜನ ಗುಹೆಗೆ ಹೋಗೋವು. ಅಜ್ಜ ಒಳ್ಳೆಯವನೇ. ಯಾರಾದ್ರೂ ಲಂಚ ಅಂತ ಜೇನು ತಂದ್ರೆ ವಾಪಸ್ ಕೊಟ್ಬಿಡ್ತಿದ್ದ. ಮೂಸೋದಂತೂ ಮೂಸ್ತಿದ್ದ.

ಅಲ್ಲೊಂದು ಪದ್ಧತಿ ಇತ್ತು. ಅಜ್ಜ ತೀರ್ಪು ಕೊಟ್ಟ ಸಂಜೆ, ಎಲ್ರೂ ನೀರು ಕುಡಿಯೋಕೆ ಬಂದಾಗ, ಗೊರವಂಕ ಹಕ್ಕಿ ದಡದ ಜಾಲಿ ಮರದ ಮೇಲೆ ಕೂತು ಅದನ್ನ ಗಟ್ಟಿಯಾಗಿ ಹೇಳೋದು. ಮರಿಗಳಿಗೂ ಕೇಳಿ ಕೇಳಿ ಬಾಯಿಪಾಠ ಆಗ್ತಿತ್ತು.

ಒಂದಿನ ಕಾಡುಹಂದಿ, "ಈ ಸಲ ಅಜ್ಜ ಸರಿಯಾಗಿ ಯೋಚನೆ ಮಾಡಿಲ್ಲ ಬಿಡಿ," ಅಂದ್ಬಿಡ್ತು. ಆ ಮಾತು ಅಜ್ಜನಿಗೆ ಚುಚ್ತು. ಅವತ್ತಿಂದ ಗೊರವಂಕನ ಬಾಯಿ ಮುಚ್ಚಿಸಿದ.

ಆಮೇಲೆ ಮೊಲ ಒಂದು ದೂರು ತಂತು.

"ಅಜ್ಜಾ, ಈ ನರಿಯಣ್ಣ ದಿನಾ ಹುತ್ತದ ಮೇಲೆ ಕೂತು ನನ್ನ ಪೊದೆನೇ ನೋಡ್ತಾನೆ. ನಾನು ಯಾವಾಗ ಮೇಯೋಕೆ ಹೋಗ್ತೀನಿ, ಯಾವಾಗ ಬರ್ತೀನಿ, ಎಲ್ಲಾ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು!"

ನರಿ ಹಲ್ಲು ಕಿರೀತು. "ಕಾವಲು ಕಾಯ್ತಿದ್ದೆ ಅಜ್ಜಾ. ಉಪಕಾರ ಮಾಡಿದ್ರೂ ತಪ್ಪಾ?"

"ಕಾವಲು ಕಾಯೋನು ಹೊರಗಡೆ ನೋಡ್ತಾನೆ ಕಣೋ, ಮನೆಯೊಳಗಲ್ಲ," ಅಂದ ಅಜ್ಜ. "ಇದೇ ನನ್ನ ತೀರ್ಪು. ಕಾವಲಿನ ಹೆಸರಲ್ಲಿ ಯಾರೂ ಇನ್ನೊಬ್ಬರ ಗೂಡು ಇಣುಕೋ ಹಾಗಿಲ್ಲ. ಇಣುಕಿದ್ರೆ ತಕ್ಷಣ ಕೂಗಬೇಕು, ಇಡೀ ಕಾಡು ಬಂದು ಓಡಿಸಬೇಕು."

ಮೊಲಕ್ಕೆ ಖುಷಿಯಾಯ್ತು. "ಗೊರವಂಕನ ಕೈಲಿ ಹೇಳ್ಸಿ ಅಜ್ಜಾ. ನನ್ನ ಹೆಸರು ಬೇಕಾದ್ರೆ ಬಿಟ್ಬಿಡ್ಲಿ, ತೀರ್ಪು ಮಾತ್ರ ಹೇಳ್ಲಿ."

"ಬೇಡ. ನಾಕು ಜನ ನಾಕು ಮಾತಾಡ್ತಾರೆ. ಇದು ನಿಮ್ಮಿಬ್ಬರಿಗೆ ಮಾತ್ರ. ಹೊರಗೆ ಬಾಯಿ ಬಿಟ್ರೆ ನಿನ್ನನ್ನ ಕೆರೆ ಹತ್ರಾನೂ ಸೇರಿಸಲ್ಲ."

ಮೊಲ ಹೆದರಿ ಸುಮ್ಮನಾಯ್ತು. ನರಿ ಮಾತ್ರ ಯೋಚನೆ ಮಾಡ್ತು: ಮೊಲ ಒಂದಕ್ಕೇ ಗೊತ್ತು. ಮಿಕ್ಕವರಿಗೆ ಗೊತ್ತಿಲ್ವಲ್ಲ!

ಮಾರನೇ ದಿನ ಅದು ಕೆರೆಯ ಆಚೆ ದಡಕ್ಕೆ ಹೋಯ್ತು. ಅಲ್ಲಿ ಹುಲ್ಲಿನ ಬುಡದಲ್ಲಿ ಗೌಜಲಕ್ಕಿ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು.

"ಯಾಕಣ್ಣಾ, ನನ್ನ ಗೂಡೇ ನೋಡ್ತಿದ್ದೀಯ?"

"ಕರಡಿಯಜ್ಜನ ಅಪ್ಪಣೆ ಕಣಮ್ಮಾ. ನಿನಗೆ ಕಾವಲು."

"ಅಜ್ಜನೇ ಹೇಳಿದ್ರಾ? ಹಾಗಾದ್ರೆ ಸರಿ. ಪಾಪ, ಬಿಸಿಲಲ್ಲಿ ಕೂತಿದ್ದೀಯ. ಇಲ್ಲೇ ನೆರಳಿಗೆ ಬಾ."

ನರಿ ನೆರಳಿಗೆ ಬಂತು. ಹಕ್ಕಿ ಯಾವ ಹೊತ್ತಲ್ಲಿ ಎದ್ದು ಹೋಗುತ್ತೆ ಅಂತ ತಿಳ್ಕೊಂಡ್ತು. ಒಂದಿನ ಗೌಜಲಕ್ಕಿ ನೀರು ಕುಡಿದು ವಾಪಸ್ ಬಂದಾಗ ಗೂಡಲ್ಲಿ ಬರೀ ಚಿಪ್ಪು ಬಿದ್ದಿತ್ತು. ನರಿ ಆಗ್ಲೇ ಗುಡ್ಡ ದಾಟಿತ್ತು.

ಗೌಜಲಕ್ಕಿ ಅಳ್ತಾ ಗುಹೆಗೆ ಓಡ್ತು. ಅಜ್ಜ ಕೂತಲ್ಲಿಂದ ಎದ್ದೇಬಿಟ್ಟ.

"ನರಿ ಹಾಗೆ ನೋಡೋ ಹಾಗೇ ಇಲ್ವಲ್ಲಮ್ಮಾ! ನಾನು ಆವತ್ತೇ ತೀರ್ಪು ಕೊಟ್ಟಿದ್ದೀನಿ. ಇಣುಕಿದ ತಕ್ಷಣ ನೀನು ಕೂಗಬೇಕಿತ್ತು."

ಗೌಜಲಕ್ಕಿ ಕಣ್ಣು ಒರೆಸ್ಕೊಂಡು ಕೇಳ್ತು, "ಯಾರಿಗೆ ಹೇಳಿದ್ರಿ ಅಜ್ಜಾ?"

ಎದ್ದಿದ್ದ ಅಜ್ಜ ಮತ್ತೆ ಕೂತ್ಬಿಟ್ಟ.

"ತೀರ್ಪು ಚೆನ್ನಾಗಿದೆ," ಅಂತು ಗೌಜಲಕ್ಕಿ. "ನನ್ನ ಮೊಟ್ಟೆ ಇದ್ದಾಗ ಕೇಳಿಸ್ಬೇಕಿತ್ತು."

ಆ ಸಂಜೆ ಕರಡಿಯಜ್ಜ ತಾನೇ ದಡಕ್ಕೆ ಬಂದು ತೀರ್ಪನ್ನ ಎಲ್ರ ಮುಂದೆ ಹೇಳಿದ. ಮೊಲ ಮೆಲ್ಲಗೆ ಬಂದು ಗೌಜಲಕ್ಕಿ ಪಕ್ಕ ಕೂತ್ಕೊಂಡ್ತು.

"ನಂಗೆ ಗೊತ್ತಿತ್ತು ಕಣೇ," ಅಂತು.

ಅವತ್ತು ಗೌಜಲಕ್ಕಿ ನೀರೂ ಕುಡೀಲಿಲ್ಲ.

ನೀತಿ: ನ್ಯಾಯ ಹೇಳಿದ್ರೆ ಸಾಲದು, ಅದನ್ನ ಎಲ್ರಿಗೂ ಕೇಳಿಸಬೇಕು, ಮುಂದೆ ಬರೋರಿಗೂ ಉಳಿಸಬೇಕು, ಮುಚ್ಚಿಟ್ಟ ತೀರ್ಪಿಂದ ಲಾಭ ಆಗೋದು ತಪ್ಪು ಮಾಡಿದವನಿಗೆ ಮಾತ್ರ.