ಯುದ್ಧ ಕಾಣದ ಕಿಂಡಿ

ಫ್ರಾನ್ಸಿನ ಒಂದು ಹಳ್ಳಿಯ ದಿಬ್ಬದ ಮೇಲೆ ಹಳೆಯ ಕೋಟೆಯಿತ್ತು. ಅದರ ಗೋಡೆಯಲ್ಲಿ, ಬಾಣ ಬಿಡಲೆಂದು ಇಟ್ಟ ಸಣ್ಣ ಕಿಂಡಿಯೊಂದಿತ್ತು. ನೋಡಲು ಬಂದವರೆಲ್ಲ, "ಇಲ್ಲಿ ಯಾವ ಯುದ್ಧವಾಯಿತು?" ಎಂದು ಕೇಳುವರು. "ಯಾವುದೂ ಆಗಿಲ್ಲ," ಎನ್ನುವಳು ಗೈಡ್ ಒಡೆಟ್. ಅವರು ಬೇರೆ ಕೋಟೆ ನೋಡಲು ಹೊರಡುವರು. ಕಿಂಡಿಗೆ ಅವಮಾನವಾಗುತ್ತಿತ್ತು.

ಒಂದು ವಸಂತದಲ್ಲಿ ಅಂಬರಗುಬ್ಬಿಯೊಂದು ಬಂದು, "ಅಜ್ಜಾ, ಇಲ್ಲಿ ಗೂಡು ಕಟ್ಟಲೇ?" ಎಂದಿತು.

"ನಾನು ಕಾಯುತ್ತಿರುವುದು ಶತ್ರುವಿಗಾಗಿ, ಬಸುರಿಯರಿಗಾಗಿ ಅಲ್ಲ."

"ಶತ್ರು ಬಂದ ದಿನವೇ ಜಾಗ ಬಿಡುತ್ತೇನೆ."

ಕಿಂಡಿ ಒಪ್ಪಿತು.

ಮರಿಗಳು ಕಣ್ಣು ಬಿಟ್ಟ ವಾರವೇ ಗಿಡುಗ ಎರಗಿತು. ಕೊಕ್ಕು ತೂರಿಸಿತು, ಕಾಲು ತೂರಿಸಿತು. ನಾಲ್ಕು ಬೆರಳಗಲದ ಕಿಂಡಿಯಲ್ಲಿ ಮೈ ಹಿಡಿಸಲಿಲ್ಲ.

"ದಾರಿ ಬಿಡು!" ಎಂದು ಕಿರುಚಿತು.

"ಎಂಟುನೂರು ವರ್ಷದಿಂದ ನಿನಗಾಗಿಯೇ ಕಾದಿದ್ದೇನೆ. ಬಿಡುವುದುಂಟೇ?" ಎಂದಿತು ಕಿಂಡಿ.

ಗಿಡುಗ ಪುಕ್ಕ ಉದುರಿಸಿಕೊಂಡು ಹಾರಿಹೋಯಿತು.

ತಾಯಿ ಮರಳಿ ಬಂದು ಪುಕ್ಕಗಳನ್ನು ನೋಡಿತು. "ಶತ್ರು ಬಂದಾಯಿತು ಅಜ್ಜಾ. ಕೊಟ್ಟ ಮಾತಿನಂತೆ ನಾನಿನ್ನು ಹೊರಡಬೇಕು," ಎಂದು ಅತ್ತಿತು.

ಅಷ್ಟರಲ್ಲಿ ಕೆಳಗೆ ಯಾರೋ ಅದೇ ಪ್ರಶ್ನೆ ಕೇಳಿದರು. ಒಡೆಟ್ ಅದೇ ಉತ್ತರ ಕೊಟ್ಟಳು.

"ಕೇಳಿಸಿತಲ್ಲ ಮಗಳೇ?" ಎಂದಿತು ಕಿಂಡಿ. "ಇಲ್ಲಿ ಯಾವ ಯುದ್ಧವೂ ಆಗಿಲ್ಲ. ಹೋಗು, ಮಕ್ಕಳನ್ನು ಮಲಗಿಸು."