ಅಧ್ಯಕ್ಷರ ಮೀಟರಿನಲ್ಲಿ ಸೊನ್ನೆ

ತುಮಕೂರಿನ ಸೈಕಲ್ ಕ್ಲಬ್ಬಿನ ಅಧ್ಯಕ್ಷ ಶೇಷಗಿರಿರಾಯರದು ಎಲೆಕ್ಟ್ರಿಕ್ ಸೈಕಲ್. ಆದರೂ ದೇವರಾಯನದುರ್ಗದ ಏರನ್ನು ಕಾಲಿನ ಬಲದಿಂದಲೇ ಹತ್ತುತ್ತೇನೆ, ಮೋಟಾರನ್ನು ಮುಟ್ಟುವುದೇ ಇಲ್ಲ ಎಂದು ಪ್ರತಿ ಸಭೆಯಲ್ಲೂ ಹೇಳಿಕೊಳ್ಳುತ್ತಿದ್ದರು. ಸದಸ್ಯರು ನಂಬಿದರು. ನಂಬಿ, ಅವರಿಗೊಂದು ಸೈಕಲ್ ಕಂಪ್ಯೂಟರನ್ನೇ ಉಡುಗೊರೆ ಕೊಟ್ಟರು. ಹ್ಯಾಂಡಲಿಗೆ ಕೂರಿಸಿ ಜೋಡಿಸಿದರೆ ಕಾಲಿನ ಕೆಲಸವೆಷ್ಟು, ಮೋಟಾರಿನದೆಷ್ಟು ಎಂದು ಅದು ಬೇರೆ ಬೇರೆಯಾಗಿ ತೋರಿಸುತ್ತದೆ.

ರಾಯರು ಮೆಕ್ಯಾನಿಕ್ ಲೂರ್ದಮ್ಮನ ಅಂಗಡಿಗೆ ಓಡಿದರು.

"ನೋಡಮ್ಮ, ನಾಳೆ ಕ್ಲಬ್ಬಿನವರ ಜೊತೆ ಬೆಟ್ಟ ಹತ್ತಬೇಕು, ಎಲ್ಲರೂ ಇದನ್ನು ನೋಡ್ತಾರೆ. ಮೋಟಾರಿನ ಎದುರು ಸೊನ್ನೆಯೇ ಇರಬೇಕು. ಇಲ್ಲದಿದ್ದರೆ ಕ್ಲಬ್ಬಿನ ಒಂದು ಸೈಕಲ್ಲೂ ನಿನ್ನ ಅಂಗಡಿಗೆ ಬರೋದಿಲ್ಲ."

ಅಂಗಡಿ ನಡೆಯುತ್ತಿದ್ದುದೇ ಆ ಸೈಕಲ್ಲುಗಳಿಂದ. ಸುಳ್ಳು ಮೀಟರ್ ಕೂರಿಸಿದಳೆಂಬ ಹೆಸರು ಬಂದರೂ ಅಂಗಡಿ ಮುಚ್ಚಬೇಕು.

"ಸೊನ್ನೆ ತಾನೇ ಸಾರ್? ಖಂಡಿತ ಬರುತ್ತೆ," ಎಂದಳು ಲೂರ್ದಮ್ಮ.

ಕಂಪ್ಯೂಟರನ್ನು ಅಚ್ಚುಕಟ್ಟಾಗಿ ಕೂರಿಸಿದಳು. ಆಮೇಲೆ ಮೋಟಾರಿನ ವೈರನ್ನು ಕಳಚಿ ಸೀಟಿನ ಕೆಳಗೆ ಕಟ್ಟಿಟ್ಟಳು.

ಮರುದಿನ ಸೈಕಲ್ಲು ಬೆಟ್ಟದ ಬುಡದವರೆಗೆ ರಾಯರ ಕಾರಿನ ಮೇಲೆ ಹೋಯಿತು. ಏರಿನಲ್ಲಿ ರಾಯರು ಮೆಲ್ಲನೆ ಗುಂಡಿ ಒತ್ತಿದರು. ಮೋಟಾರು ಮಿಸುಕಲಿಲ್ಲ. ಪಕ್ಕದಲ್ಲಿ ತುಳಿಯುತ್ತಿದ್ದ ಸದಸ್ಯರು ಮೀಟರಿನತ್ತ ಇಣುಕಿ, "ಆಹಾ, ಸೊನ್ನೆ! ಬರೀ ಕಾಲು!" ಎಂದು ಕೂಗಿದರು. ಇಳಿಯುವಂತಿಲ್ಲ, ಹೇಳುವಂತಿಲ್ಲ. ಇಪ್ಪತ್ತೈದು ಕಿಲೋ ಸೈಕಲ್ಲನ್ನು ತುಳಿದು ತುದಿ ಮುಟ್ಟುವಷ್ಟರಲ್ಲಿ ಅವರ ಮುಖ ಬೀಟ್‌ರೂಟಿನಂತಾಗಿತ್ತು.

ನೇರ ಅಂಗಡಿಗೆ ಬಂದು ಗುಡುಗಿದರು: "ಏನಮ್ಮಾ ಇದು? ಮೋಟಾರು ಓಡಲೇ ಇಲ್ಲ!"

ಹಿಂದೆಯೇ ಸದಸ್ಯರು ಬಂದು ನಿಂತದ್ದು ಅವರಿಗೆ ಕಾಣಲಿಲ್ಲ. ಲೂರ್ದಮ್ಮನಿಗೆ ಕಂಡಿತು.

"ನೀವು ಅದನ್ನ ಮುಟ್ಟೋದೇ ಇಲ್ಲವಲ್ಲ ಸಾರ್. ಓಡಲಿಲ್ಲ ಅಂತ ಹೇಗೆ ಗೊತ್ತಾಯ್ತು?"

ರಾಯರು ಹಿಂದೆ ತಿರುಗಿದರು. ಎಲ್ಲರನ್ನೂ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಬೆಲ್ಲು ಸ್ವಲ್ಪ ಸಡಿಲ ಇದೆ. ಬಿಗಿ ಮಾಡಿಕೊಡಮ್ಮ," ಎಂದರು.